ಮೈಗೆ ಹಿತವಾದ ಎಣ್ಣೆ ತಲೆಗೆ ಏಕೆ ಆಗಿಬರುವುದಿಲ್ಲ?

ಪ್ರಶ್ನೆ: ಡಿಸೆಂಬರ್ ಬಂತೆಂದರೆ ನನ್ನ ಕೈಕಾಲು ಬಿರಿದು ತುರಿಸುತ್ತವೆ, ತಲೆಯಲ್ಲಿ ಹೊಟ್ಟು ಏಳುತ್ತದೆ. ವಾರಕ್ಕೆ ಎರಡು ಸಲ ರಾತ್ರಿ ಮೈಗೂ ತಲೆಗೂ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಬೆಳಿಗ್ಗೆ ಬಿಸಿ ಬಿಸಿ ನೀರಿನಲ್ಲಿ ಸ್ನಾನ ಮಾಡುತ್ತೇನೆ. ಮೈಗೆ ಸ್ವಲ್ಪ ಹಿತವೆನಿಸಿದರೂ ತಲೆಯ ತುರಿಕೆ ಹೆಚ್ಚುತ್ತಲೇ ಇದೆ. ಮನೆಯಲ್ಲೇ ಏನು ಮಾಡಬಹುದು?

ಉತ್ತರ: ಒಂದೇ ಎಣ್ಣೆ ಮೈಗೆ ಹಿತವಾಗಿ ತಲೆಗೆ ಮಾತ್ರ ಆಗಿಬರುತ್ತಿಲ್ಲವೆಂದರೆ, ಮೈಯ ತೊಂದರೆ ಬೇರೆ, ತಲೆಯ ತೊಂದರೆ ಬೇರೆ ಎಂದು ಮೊದಲು ಅನುಮಾನಿಸಬೇಕು. ಎರಡನ್ನೂ ‘ಒಣಗಿದೆ’ ಎಂಬ ಒಂದೇ ಮಾತಿನಲ್ಲಿ ಹೇಳುವ ರೂಢಿಯಿಂದಾಗಿ ಎರಡಕ್ಕೂ ಒಂದೇ ಮದ್ದು ಮಾಡುತ್ತೇವೆ.

ಮೈಯ ವಿಷಯವನ್ನು ಮೊದಲು ನೋಡೋಣ. ಚರ್ಮದ ತೀರ ಮೇಲಿನ ಪದರ ಕಾಗದಕ್ಕಿಂತ ತೆಳುವಾದದ್ದು. ಅದರಲ್ಲಿ ಸತ್ತ ಜೀವಕೋಶಗಳು ಒಂದರ ಮೇಲೊಂದು ಒತ್ತಾಗಿ ಕೂತಿರುತ್ತವೆ, ಅವುಗಳ ಸಂದುಗಳನ್ನು ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳ ಜಿಡ್ಡು ಮುಚ್ಚಿರುತ್ತದೆ. ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವುದು ಈ ಜಿಡ್ಡೇ. ಬೀದರ್, ಕಲಬುರಗಿ, ವಿಜಯಪುರದ ಕಡೆ ಚಳಿಗಾಲದ ಗಾಳಿಯಲ್ಲಿ ತೇವ ಬಹಳ ಕಡಿಮೆಯಾದ್ದರಿಂದ ಚರ್ಮದ ನೀರು ಬೇಗ ಆರುತ್ತದೆ. ಕರಾವಳಿಯವರಿಗೆ ಈ ತೊಂದರೆ ಅಷ್ಟಾಗಿ ಕಾಣದು. ಚಳಿ ದೇಶಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಮಾತ್ರ ಹೀಟರ್ ಗಾಳಿಯನ್ನು ಒಣಗಿಸುವ ಇದೇ ಕೆಲಸವನ್ನು ನಾಲ್ಕು ಗೋಡೆಗಳ ನಡುವೆ ಮಾಡುತ್ತದೆ. ಮೊಣಕಾಲಿನ ಕೆಳಗೆ ಎಣ್ಣೆಯ ಗ್ರಂಥಿಗಳು ವಿರಳವಾಗಿರುವುದರಿಂದ ಒಣಗುವಿಕೆ ಮೊದಲು ಕಾಣುವುದು ಅಲ್ಲಿಯೇ. ಶಾಲೆಯ ಮಕ್ಕಳು ಚಳಿಗಾಲದಲ್ಲಿ ಉಗುರಿನಿಂದ ಕಾಲಿನ ಮೇಲೆ ತಮ್ಮ ಹೆಸರು ಬರೆದುಕೊಳ್ಳುತ್ತಾರಲ್ಲ, ಬಳಪದಲ್ಲಿ ಬರೆದಂತೆ ಬೆಳ್ಳಗೆ ಮೂಡುವ ಆ ಗೆರೆಯೇ ಒಣ ಚರ್ಮದ ಸರಳ ಪರೀಕ್ಷೆ.

ಇಂಥ ಚರ್ಮಕ್ಕೆ ಎಣ್ಣೆ ಒಳ್ಳೆಯದೇ. 2004ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಒಣ ಚರ್ಮದ 34 ಜನರಲ್ಲಿ ನಡೆದ ಪ್ರಯೋಗವೊಂದರಲ್ಲಿ ಕೊಬ್ಬರಿ ಎಣ್ಣೆಯು ಖನಿಜ ತೈಲದಷ್ಟೇ (ಪೆಟ್ರೋಲಿಯಂನಿಂದ ಶುದ್ಧೀಕರಿಸಿ ತೆಗೆದು ಮೈಗೆ ಹಚ್ಚುವ ಎಣ್ಣೆ) ಚೆನ್ನಾಗಿ ಕೆಲಸ ಮಾಡಿತು. ಆದರೆ ಎಣ್ಣೆಯಲ್ಲಿ ನೀರಿಲ್ಲ, ಅದು ಇರುವ ನೀರಿಗೆ ಮುಚ್ಚಳ ಹಾಕುತ್ತದೆ ಅಷ್ಟೆ. ಒಣಗಿದ ಮೈಗೆ ರಾತ್ರಿ ಎಣ್ಣೆ ತಿಕ್ಕಿ, ಬೆಳಿಗ್ಗೆ ಅದನ್ನೆಲ್ಲ ಹಂಡೆಯ ಸುಡುನೀರು ಮತ್ತು ಸೋಪಿನಿಂದ ತೊಳೆದರೆ, ಮುಚ್ಚಳವನ್ನು ನಾವೇ ತೆಗೆದಂತಾಗುತ್ತದೆ; ಜೊತೆಗೆ ಚರ್ಮದ ಸ್ವಂತ ಜಿಡ್ಡೂ ಹೋಗುತ್ತದೆ. ಆದ್ದರಿಂದ ಕ್ರಮವನ್ನು ತಿರುವುಮುರುವು ಮಾಡಿ. ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ, ಸೋಪನ್ನು ಕಂಕುಳು, ತೊಡೆಸಂದು, ಪಾದಗಳಿಗಷ್ಟೇ ಬಳಸಿ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿಕೊಂಡು, ಮೈ ಇನ್ನೂ ಹಸಿಯಾಗಿರುವಾಗಲೇ, ಎಂದರೆ ಎರಡು ಮೂರು ನಿಮಿಷದೊಳಗೆ, ಒಂದು ಚಮಚದಷ್ಟು ಎಣ್ಣೆಯನ್ನು ಕೈಕಾಲುಗಳಿಗೆ ಸವರಿಕೊಳ್ಳಿ. ಇಷ್ಟನ್ನು ಒಂದು ವಾರ ತಪ್ಪದೆ ಮಾಡಿದರೆ ಆ ಬಿಳಿ ಗೆರೆ ಮೂಡುವುದು ಕಡಿಮೆಯಾಗುವುದನ್ನು ನೀವೇ ಕಾಣಬಹುದು.

ಯಾವ ಎಣ್ಣೆ ಎನ್ನುವುದಕ್ಕಿಂತ ಯಾವಾಗ ಹಚ್ಚುತ್ತೇವೆ ಎನ್ನುವುದೇ ಇಲ್ಲಿ ಮುಖ್ಯ. ಆದರೂ ಆಲಿವ್ ಎಣ್ಣೆಯನ್ನು ನಾನು ಸೂಚಿಸುವುದಿಲ್ಲ, ಏಕೆಂದರೆ ಅದರಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲ ಚರ್ಮದ ಮೇಲ್ಪದರವನ್ನು ಸಡಿಲಗೊಳಿಸುತ್ತದೆ. ಒಡೆದ ಹಿಮ್ಮಡಿಗೆ ಪೆಟ್ರೋಲಿಯಂ ಜೆಲ್ಲಿ ಅಗ್ಗದ, ನಂಬಿಕೆಯ ಮದ್ದು. ಉತ್ತರ ಕನ್ನಡದ ಮನೆಗಳಲ್ಲಿ ಇದೇ ಕೆಲಸಕ್ಕೆ ಮುರುಗಲು (ಕೋಕಂ) ಬೀಜದಿಂದ ತೆಗೆದ ತುಪ್ಪವನ್ನು ಇಟ್ಟುಕೊಂಡಿರುತ್ತಾರೆ. ಅದು ಮೇಣದಂತೆ ಗಟ್ಟಿಯಾಗಿರುತ್ತದೆ. ಚೂರೊಂದನ್ನು ಅಂಗೈಯಲ್ಲಿ ಉಜ್ಜುತ್ತಿದ್ದರೆ ಮೈಬಿಸಿಗೆ ಮೆತ್ತಗಾಗುತ್ತದೆ, ಬಿರುಕಿನಲ್ಲಿ ತುಂಬಿದ ಮೇಲೆ ಮತ್ತೆ ಬಿಗಿದು ಕೂರುತ್ತದೆ. ರಾತ್ರಿ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಿದರೆ ಬಿರುಕು ಬೇಗ ಕೂಡುತ್ತದೆ.

ಇನ್ನು ತಲೆ. ಮೈಯಲ್ಲಿ ಎಣ್ಣೆಯ ಗ್ರಂಥಿಗಳು ಅತಿ ಹೆಚ್ಚಾಗಿರುವ ಜಾಗಗಳಲ್ಲಿ ತಲೆಯೂ ಒಂದು. ಆದ್ದರಿಂದ ಅದು ಕಾಲಿನಂತೆ ಒಣಗುವುದು ಅಪರೂಪ; ಚಳಿಗಾಲದ ಹೊಟ್ಟು ಬಹಳಷ್ಟು ಸಲ ಒಣಗಿದ್ದರಿಂದ ಬಂದದ್ದೇ ಅಲ್ಲ. ಕಪ್ಪು ಬಟ್ಟೆಯೊಂದನ್ನು ಹಾಸಿ, ಅದರ ಮೇಲೆ ತಲೆ ಬಗ್ಗಿಸಿ ಬಾಚಿಕೊಂಡು, ಉದುರಿದ್ದನ್ನು ಎರಡು ಬೆರಳಿನ ನಡುವೆ ಹಿಸುಕಿ ನೋಡಿ. ಹಿಟ್ಟಿನಂತೆ ಸಣ್ಣಗೆ ಉದುರಿ, ಬೆರಳಿಗೆ ಅಂಟದಿದ್ದರೆ ಅದು ಒಣಗಿದ ಚರ್ಮ. ಸ್ವಲ್ಪ ಹಳದಿಯ, ಜಿಡ್ಡಾದ ಹಾಳೆಗಳಂತಿದ್ದು, ಹುಬ್ಬು, ಮೂಗಿನ ಪಕ್ಕ ಅಥವಾ ಕಿವಿಯ ಹಿಂದೆಯೂ ಸಿಪ್ಪೆ ಏಳುತ್ತಿದ್ದರೆ ಅದು ನಿಜವಾದ ತಲೆಹೊಟ್ಟು. ಇದರ ಹಿಂದಿರುವುದು ಎಲ್ಲರ ತಲೆಯಲ್ಲೂ ಇರುವ ಮಲಸೇಜಿಯಾ ಎಂಬ ಶಿಲೀಂಧ್ರ. ಅದು ಚರ್ಮದ ಎಣ್ಣೆಯನ್ನೇ ತಿಂದು ಬದುಕುತ್ತದೆ, ತಿಂದ ಮೇಲೆ ಉಳಿಸುವ ಕೊಬ್ಬಿನಾಮ್ಲಗಳು ಕೆಲವರ ಚರ್ಮವನ್ನು ಕೆರಳಿಸುತ್ತವೆ. ಅಂಥ ತಲೆಗೆ ರಾತ್ರಿಯಿಡೀ ಎಣ್ಣೆ ನೆನೆಸಿಡುವುದೆಂದರೆ ಆ ಶಿಲೀಂಧ್ರಕ್ಕೆ ಊಟ ಬಡಿಸಿದಂತೆ. ನಿಮ್ಮ ತುರಿಕೆ ಎಣ್ಣೆಯಿಂದ ಹೆಚ್ಚುತ್ತಿರುವುದಕ್ಕೆ ಇದೇ ಕಾರಣವಿರಬಹುದೆಂದು ನನಗೆ ತೋರುತ್ತದೆ.

ಹಿಟ್ಟಿನಂಥ ಒಣ ಹೊಟ್ಟಾದರೆ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಬೆರಳ ತುದಿಯಿಂದ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ, ಸೌಮ್ಯವಾದ ಶಾಂಪೂವಿನಿಂದಲೋ ದಾಸವಾಳದ ಎಲೆ ಕಿವುಚಿ ತೆಗೆದ ಲೋಳೆಯಿಂದಲೋ ತೊಳೆದರೆ ಸಾಕು. ಸೀಗೆಪುಡಿ ಬಳಸುವವರು ಅದನ್ನು ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ತರಿತರಿಯಾದ ಪುಡಿ ತುರಿಸಿಕೊಂಡ ಜಾಗವನ್ನು ಇನ್ನಷ್ಟು ಗೀರುತ್ತದೆ. ಜಿಡ್ಡಿನ ಹೊಟ್ಟಾದರೆ ಕೆಲವು ವಾರ ಎಣ್ಣೆ ನಿಲ್ಲಿಸಿ. ಔಷಧಿ ಅಂಗಡಿಯಲ್ಲಿ ಸಿಗುವ ಶಿಲೀಂಧ್ರವನ್ನು ಅಡಗಿಸುವ ಶೇ. 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ ಹಚ್ಚಿ, ನೊರೆಯನ್ನು ಮೂರರಿಂದ ಐದು ನಿಮಿಷ ತಲೆಯ ಮೇಲೆ ಬಿಟ್ಟು ತೊಳೆಯಿರಿ. ಬಹಳ ಜನ ಹಚ್ಚಿದ ತಕ್ಷಣ ನೀರು ಹುಯ್ದುಕೊಂಡು, ಇದರಿಂದ ಏನೂ ಆಗಲಿಲ್ಲ ಎನ್ನುತ್ತಾರೆ. ಎರಡರಿಂದ ನಾಲ್ಕು ವಾರ ಬಿಡದೆ ಮಾಡಬೇಕು. ಇದು ಮನೆಮದ್ದಲ್ಲ ನಿಜ, ಆದರೆ ಇಲ್ಲಿ ಬೇಕಾದದ್ದು ಇದೇ.

ನಿಂಬೆರಸವನ್ನು ನೇರವಾಗಿ ತಲೆಗೆ ತಿಕ್ಕಬೇಡಿ. ಅದು ಬಹಳ ಹುಳಿ, ಗೀರಿದ ಚರ್ಮವನ್ನು ಉರಿಸುತ್ತದೆ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕಪ್ಪು ಕಲೆಯೂ ಆಗಬಹುದು. ಅಡುಗೆ ಸೋಡಾ ಇದಕ್ಕೆ ವಿರುದ್ಧವಾಗಿ ಕ್ಷಾರ, ತುಸು ಆಮ್ಲೀಯವಾಗಿರಬೇಕಾದ ಚರ್ಮಕ್ಕೆ ಅದೂ ಸಲ್ಲದು. ಎಣ್ಣೆಗೆ ಕರ್ಪೂರ ಬೆರೆಸುವ ಪದ್ಧತಿ ನಮ್ಮಲ್ಲಿ ಬಹಳ ಮನೆಗಳಲ್ಲಿದೆ; ದಯವಿಟ್ಟು ಅದನ್ನು ಮಕ್ಕಳಿಗೆ ಹಚ್ಚಬೇಡಿ, ಅವರ ಕೈಗೆ ಸಿಗುವಂತೆ ಇಡಲೂ ಬೇಡಿ. ಸ್ವಲ್ಪವೇ ಕರ್ಪೂರ ಹೊಟ್ಟೆಗೆ ಹೋದರೂ ಎಳೆಯ ಮಕ್ಕಳಿಗೆ ಫಿಟ್ಸ್ ಬರಬಹುದು.

ಕೆಲವು ತುರಿಕೆಗಳಿಗೆ ಚಳಿಯ ಸಂಬಂಧವೇ ಇರುವುದಿಲ್ಲ. ರಾತ್ರಿ ಹೊತ್ತು ಹೆಚ್ಚಾಗಿ, ಬೆರಳ ಸಂದಿಯಲ್ಲಿ ಗುಳ್ಳೆ ಕಂಡು, ಮನೆಯ ಇತರರಿಗೂ ಶುರುವಾಗಿದ್ದರೆ ಅದು ಕಜ್ಜಿಯಾಗಿರಬಹುದು. ತಲೆಯಲ್ಲಿ ದಪ್ಪನೆಯ ಬೆಳ್ಳಿಬಣ್ಣದ ಪೊರೆ ಕಟ್ಟಿದರೆ ಸೋರಿಯಾಸಿಸ್, ಮಕ್ಕಳ ತಲೆಯಲ್ಲಿ ಕೂದಲು ಅಲ್ಲಲ್ಲಿ ಉದುರಿ ಹೊಪ್ಪಳೆಯೆದ್ದರೆ ಹುಳುಕಡ್ಡಿ ಎಂದು ಸಂದೇಹಿಸಿ ಚರ್ಮವೈದ್ಯರಿಗೆ ತೋರಿಸಬೇಕು. ವಯಸ್ಸಾದವರಿಗೆ ಗಂಧೆ, ಗುಳ್ಳೆ ಏನೂ ಇಲ್ಲದೆ ಮೈಯೆಲ್ಲ ತುರಿಸುತ್ತಿದ್ದು, ಎರಡು ವಾರ ಸರಿಯಾಗಿ ಎಣ್ಣೆ ಹಚ್ಚಿದರೂ ಇಳಿಯದಿದ್ದರೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಮೂತ್ರಪಿಂಡ ಮತ್ತು ಯಕೃತ್ತಿನ ರಕ್ತಪರೀಕ್ಷೆಯನ್ನು ಮಾಡಿಸುವುದು ಅಗತ್ಯ. ಅಲ್ಲಿಯವರೆಗೆ ಅಂಗಡಿಯವರು ಕೊಡುವ ಕ್ಲೊಬೆಟಸಾಲ್‌ನಂಥ ಸ್ಟಿರಾಯ್ಡ್ ಮುಲಾಮನ್ನು ಹಚ್ಚಬೇಡಿ. ತುರಿಕೆ ಎರಡೇ ದಿನದಲ್ಲಿ ಅಡಗಿದಂತೆ ಕಂಡರೂ ಮುಂದೆ ಚರ್ಮ ತೆಳುವಾಗುತ್ತದೆ, ಒಳಗೆ ಶಿಲೀಂಧ್ರದ ಸೋಂಕಿದ್ದರೆ ಅದು ಗುರುತೇ ಸಿಗದಂತೆ ಹರಡುತ್ತದೆ.