ಗಡಿಯಾರದ ಚಂದ್ರ ಹುಣ್ಣಿಮೆಗೆ ಹೊಂದುತ್ತಿಲ್ಲ, ಹಲ್ಲು ಸವೆದಿದೆಯೇ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಇಂಗ್ಲೆಂಡಿನಿಂದ ತಂದ ಹಳೆಯ ಗ್ರ್ಯಾಂಡ್‌ಫಾದರ್ ಗಡಿಯಾರವಿದೆ. ಸಮಯವೇನೋ ಸರಿಯಾಗಿಯೇ ತೋರಿಸುತ್ತದೆ. ಆದರೆ ಮೇಲಿನ ಕಮಾನಿನಲ್ಲಿರುವ ಚಂದ್ರ ಈಗ ಹುಣ್ಣಿಮೆಗೆ ಒಂದು ದಿನ ಮೊದಲೇ ನಡುವಿಗೆ ಬಂದುಬಿಡುತ್ತಾನೆ. ಒಳಗೆ ಹಲ್ಲು ಸವೆದಿದೆ, ಚಕ್ರ ಬದಲಿಸಬೇಕು ಎನ್ನುತ್ತಾರೆ. ಬದಲಿಸಬೇಕೇ?

ಬೇಡ. ಏನನ್ನೂ ಬದಲಿಸಬೇಡಿ. ಎರಡು ಮೂರು ವರ್ಷ ನಿಲ್ಲದೆ ನಡೆದ ಮೇಲೆ ಚಂದ್ರ ಒಂದು ದಿನ ಮುಂದೆ ಹೋಗಿದ್ದರೆ ನಿಮ್ಮ ಗಡಿಯಾರ ಗಟ್ಟಿಮುಟ್ಟಾಗಿದೆ ಎಂದೇ ಅರ್ಥ. ಈ ಉತ್ತರವನ್ನು ನಾನು ಹಿಂದೆಯೂ ಕೊಟ್ಟಿದ್ದೇನೆ, ಮುಂದೆಯೂ ಕೊಡಬೇಕಾಗುತ್ತದೆ ಎಂದು ಗೊತ್ತಿದೆ. ಅಷ್ಟರಮಟ್ಟಿಗೆ ‘ಹಲ್ಲು ಸವೆದಿದೆ’ ಎಂಬ ಮಾತು ಬೇರುಬಿಟ್ಟಿದೆ. ಈ ಸಲ ಲೆಕ್ಕ ಸಮೇತ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಕಮಾನಿನ ಹಿಂದೆ ಒಂದು ದುಂಡನೆಯ ತಟ್ಟೆಯಿದೆ. ಅದರ ಮೇಲೆ ಎದುರುಬದುರಾಗಿ ಎರಡು ಚಂದ್ರರನ್ನು ಬರೆದಿರುತ್ತಾರೆ. ಹೆಚ್ಚಾಗಿ ಕಣ್ಣು, ಮೂಗು, ಕೆಂಪಾದ ಕೆನ್ನೆಗಳಿರುವ ಮನುಷ್ಯಮುಖ. ಎರಡು ಚಂದ್ರರ ನಡುವಿನ ಜಾಗದಲ್ಲಿ ಒಂದು ಕಡೆ ಕಡಲು ಮತ್ತು ಹಡಗು, ಇನ್ನೊಂದು ಕಡೆ ಮರ, ಮನೆ, ಹೊಲದ ಚಿತ್ರ. ಕಮಾನಿನ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಅರ್ಧವೃತ್ತದ ಉಬ್ಬುಗಳು, ಅವುಗಳ ಮೇಲೆ ಭೂಗೋಳದ ನಕ್ಷೆ. ಎಡಗಡೆಯ ಉಬ್ಬಿನ ಹಿಂದಿನಿಂದ ಚಂದ್ರ ಮೂಡುತ್ತಾನೆ, ನಡುವಿಗೆ ಬಂದಾಗ ಹುಣ್ಣಿಮೆ, ಬಲಗಡೆಯ ಉಬ್ಬಿನ ಹಿಂದೆ ಮರೆಯಾದಾಗ ಅಮಾವಾಸ್ಯೆ. ಅಷ್ಟು ಹೊತ್ತಿಗೆ ಎರಡನೆಯ ಚಂದ್ರ ಎಡಗಡೆಯಲ್ಲಿ ಸಿದ್ಧನಾಗಿರುತ್ತಾನೆ. ಚಂದ್ರರು ಇಬ್ಬರಿರುವುದು ಅದಕ್ಕಾಗಿಯೇ.

ಆ ತಟ್ಟೆಯ ಅಂಚಿನಲ್ಲಿ ಸಾಮಾನ್ಯವಾಗಿ 118 ಹಲ್ಲುಗಳಿರುತ್ತವೆ. ಗಂಟೆಯ ಮುಳ್ಳಿನ ಚಕ್ರ ಹನ್ನೆರಡು ಗಂಟೆಗೊಮ್ಮೆ ಸುತ್ತುವಾಗ ಒಂದು ಸನ್ನೆ, ಅಂದರೆ ಪುಟ್ಟ ಲಿವರ್, ತಟ್ಟೆಯನ್ನು ಒಂದು ಹಲ್ಲಿನಷ್ಟು ಮುಂದಕ್ಕೆ ನೂಕುತ್ತದೆ. ದಿನಕ್ಕೆ ಎರಡು ಹಲ್ಲು, 59 ದಿನಕ್ಕೆ ಒಂದು ಪೂರ್ತಿ ಸುತ್ತು. ಇಬ್ಬರು ಚಂದ್ರರಿರುವುದರಿಂದ ಒಬ್ಬೊಬ್ಬರಿಗೆ 29 ದಿನ 12 ಗಂಟೆ. ಆಕಾಶದ ಚಂದ್ರನಿಗೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಬೇಕಾಗುವ ಸರಾಸರಿ ಕಾಲ 29 ದಿನ 12 ಗಂಟೆ 44 ನಿಮಿಷ 3 ಸೆಕೆಂಡ್. ಅಂದರೆ ಗಡಿಯಾರದ ಚಂದ್ರ ತಿಂಗಳಿಗೆ 44 ನಿಮಿಷ ಮುಂದೆ ಓಡುತ್ತಾನೆ. ವರ್ಷಕ್ಕೆ ಸುಮಾರು 9 ಗಂಟೆ. ಎರಡು ವರ್ಷ ಎಂಟು ತಿಂಗಳಾಗುವ ಹೊತ್ತಿಗೆ ಒಂದು ದಿನ. ಗಡಿಯಾರ ಮಾಡಿದವನ ಅಂಗಡಿಯಿಂದ ಹೊರಬಿದ್ದ ದಿನವೂ ಅದು ಹೀಗೆಯೇ ಓಡುತ್ತಿತ್ತು. ಈಗಲೂ ಹೀಗೆಯೇ ಓಡುತ್ತಿದೆ.

ಇನ್ನು ‘ಸವೆತ’ದ ವಿಚಾರ. ಹಲ್ಲು ಸವೆದರೆ ಚಂದ್ರ ನಿಧಾನವಾಗಿ ತಪ್ಪುದಾರಿಗೆ ಬೀಳುತ್ತಾನೆ ಎಂದು ನಂಬುವವರು ಲೋಲಕವನ್ನೂ ಹಲ್ಲಿನ ಚಕ್ರವನ್ನೂ ಒಂದೇ ಎಂದುಕೊಂಡಿದ್ದಾರೆ. ಲೋಲಕದ ವಿಷಯ ಬೇರೆ. ಅದರ ಉದ್ದ ಕೂದಲೆಳೆಯಷ್ಟು ಬದಲಾದರೂ ಗಡಿಯಾರ ಹಿಂದೆ ಮುಂದೆ ಆಗುತ್ತದೆ. ಬೇಸಿಗೆಯಲ್ಲಿ ಸರಳು ಹಿಗ್ಗಿದರೆ ಸಾಕು, ಗಡಿಯಾರ ನಿಧಾನವಾಗುತ್ತದೆ. ಹಲ್ಲಿನ ಚಕ್ರ ಮಾಡುವುದು ಎಣಿಕೆ ಮಾತ್ರ. 118 ಹಲ್ಲುಗಳ ತಟ್ಟೆ ಹೊಸದಿದ್ದರೂ 118, ಇನ್ನೂರೈವತ್ತು ವರ್ಷ ತಿರುಗಿದ ಮೇಲೂ 118. ಹಲ್ಲಿನ ತುದಿ ಎಷ್ಟು ನುಣುಪಾದರೂ ಅದು ಮುಕ್ಕಾಲು ಹಲ್ಲಾಗಿ ಎಣಿಕೆಗೆ ಬರುವುದಿಲ್ಲ. ಸನ್ನೆ ಒಂದೋ ಅದನ್ನು ನೂಕುತ್ತದೆ, ಇಲ್ಲವೇ ನೂಕುವುದಿಲ್ಲ. ತಿಂಗಳಿಗೆ 44 ನಿಮಿಷದಂಥ ನಯವಾದ, ಒಂದೇ ಸಮನಾದ ವ್ಯತ್ಯಾಸವನ್ನು ಸವೆತದಿಂದ ಹುಟ್ಟಿಸಲು ಯಾರಿಂದಲೂ ಸಾಧ್ಯವಿಲ್ಲ.

ಸವೆತದಿಂದ ಏನೂ ಆಗುವುದಿಲ್ಲ ಎಂದಲ್ಲ. ಸನ್ನೆಯ ತುದಿ ತೀರಾ ಸವೆದಿದ್ದರೆ ಆಗೊಮ್ಮೆ ಈಗೊಮ್ಮೆ ಹಲ್ಲು ಸಿಗದೆ ಜಾರುತ್ತದೆ. ಆಗ ಚಂದ್ರ ಅರ್ಧರ್ಧ ದಿನ ಹಿಂದೆ ಬೀಳುತ್ತಾನೆ, ಮುಂದೆ ಹೋಗುವುದಿಲ್ಲ. ತಟ್ಟೆಯನ್ನು ಹಿಡಿದಿಡುವ ಸ್ಪ್ರಿಂಗ್ ಸಡಿಲವಾಗಿದ್ದರೆ ಒಮ್ಮೆಗೇ ಎರಡು ಹಲ್ಲು ಹಾರಬಹುದು. ಆಗ ಚಂದ್ರ ಮುಂದೆ ಹೋಗುತ್ತಾನೆ ನಿಜ, ಆದರೆ ವಾರಗಳಲ್ಲೇ ದಿನಗಟ್ಟಲೆ ತಪ್ಪು ಕಾಣುತ್ತದೆ, ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಹಾಗಾಗಿ ರಿಪೇರಿಯವರನ್ನು ಕರೆಯುವ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಚಂದ್ರ ಹಿಂದಿದ್ದಾನೋ ಮುಂದಿದ್ದಾನೋ? ಎಷ್ಟು ದಿನದಲ್ಲಿ ಅಲ್ಲಿಗೆ ಹೋದ? ಹಿಂದಿದ್ದರೆ ಮೊದಲ ಅನುಮಾನ ನಿಮ್ಮ ಮೇಲೆಯೇ. ಊರಿಗೆ ಹೋದಾಗ ಕೀಲಿ ಕೊಡದೆ ಗಡಿಯಾರ ನಿಂತಿರುತ್ತದೆ. ಬಂದವರು ಮುಳ್ಳುಗಳನ್ನು ಸರಿಪಡಿಸಿ ಚಂದ್ರನನ್ನು ಮರೆತಿರುತ್ತೀರಿ.

ಇಷ್ಟು ಹೇಳಿದ ಮೇಲೂ ಬರುವ ಮರುಪ್ರಶ್ನೆಯೊಂದಿದೆ: ‘ಈ ತಿಂಗಳಷ್ಟೇ ಸರಿಯಾಗಿ ಇಟ್ಟಿದ್ದೆ, ಆದರೂ ಪಂಚಾಂಗದ ಅಮಾವಾಸ್ಯೆಗೆ ಅರ್ಧ ದಿನ ವ್ಯತ್ಯಾಸ ಬಂದಿದೆಯಲ್ಲ?’ ಬರಲೇಬೇಕು. ಚಂದ್ರ ಭೂಮಿಯನ್ನು ಸುತ್ತುವ ದಾರಿ ವೃತ್ತವಲ್ಲ, ದೀರ್ಘವೃತ್ತ. ಭೂಮಿಗೆ ಹತ್ತಿರವಿದ್ದಾಗ ಬೇಗ ಹೋಗುತ್ತಾನೆ, ದೂರವಿದ್ದಾಗ ನಿಧಾನ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಕೆಲವೊಮ್ಮೆ 29 ದಿನ 7 ಗಂಟೆಯಷ್ಟೇ ಆಗುತ್ತದೆ, ಕೆಲವೊಮ್ಮೆ 29 ದಿನ 19 ಗಂಟೆಯವರೆಗೂ ಹೋಗುತ್ತದೆ. ಸರಾಸರಿ ಲೆಕ್ಕದ ಅಮಾವಾಸ್ಯೆಗೂ ನಿಜವಾದ ಅಮಾವಾಸ್ಯೆಗೂ ಹತ್ತು ಹನ್ನೆರಡು ಗಂಟೆಯ ಅಂತರ ಬರುವುದು ಅಪರೂಪವೇನಲ್ಲ. ನಮ್ಮ ಜ್ಯೋತಿಷಿಗಳು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಅವರು ಮೊದಲು ಮಧ್ಯಮ ಚಂದ್ರನನ್ನು, ಅಂದರೆ ಸರಾಸರಿ ವೇಗದ ಚಂದ್ರನ ಸ್ಥಾನವನ್ನು, ಲೆಕ್ಕ ಹಾಕುತ್ತಾರೆ, ಅದಕ್ಕೆ ಮಂದಫಲ ಎಂಬ ವೇಗದ ಏರಿಳಿತದ ತಿದ್ದುಪಡಿ ಕೊಟ್ಟು ಸ್ಪಷ್ಟ ಚಂದ್ರನನ್ನು, ಅಂದರೆ ಅವನ ನಿಜವಾದ ಸ್ಥಾನವನ್ನು, ಪಡೆಯುತ್ತಾರೆ. ಪಂಚಾಂಗದಲ್ಲಿ ಒಂದು ತಿಥಿ 20 ಗಂಟೆಗೇ ಮುಗಿದು ಇನ್ನೊಂದು 26 ಗಂಟೆಯನ್ನೂ ಮೀರುವುದು ಇದರಿಂದಲೇ. ನಿಮ್ಮ ಗಡಿಯಾರದಲ್ಲಿರುವುದು ಮಧ್ಯಮ ಚಂದ್ರ, ಗೋಡೆಗೆ ನೇತುಹಾಕಿದ ಪಂಚಾಂಗದಲ್ಲಿರುವುದು ಸ್ಪಷ್ಟ ಚಂದ್ರ. ಆಕಾಶದ ವೀಕ್ಷಣೆಗೆ ಹೊಂದಿಸಿದ ದೃಗ್ಗಣಿತದ ಪಂಚಾಂಗಕ್ಕೂ ಹಳೆಯ ಗ್ರಂಥವಾದ ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ತಿಥಿ ಮುಗಿಯುವ ಹೊತ್ತಿನಲ್ಲಿ ಗಂಟೆಗಳ ವ್ಯತ್ಯಾಸ ಬರುತ್ತದೆ. ಹೀಗಿರುವಾಗ ಒಂದು ತಟ್ಟೆ, ಒಂದು ಸನ್ನೆ, ಒಂದು ಸ್ಪ್ರಿಂಗ್ ಇಟ್ಟುಕೊಂಡ ಯಂತ್ರದಿಂದ ನಾವು ಇನ್ನೆಷ್ಟು ಬೇಡುವುದು?

ಕಮಾನಿನ ಅಂಚಿನಲ್ಲಿ 1ರಿಂದ 29½ರವರೆಗೆ ಬರೆದ ಅಂಕಿಗಳು ತಾರೀಖೂ ಅಲ್ಲ, ತಿಥಿಯೂ ಅಲ್ಲ. ಅವು ಅಮಾವಾಸ್ಯೆ ಕಳೆದು ಎಷ್ಟು ದಿನವಾಯಿತು ಎಂಬ ಎಣಿಕೆ. ತಿಥಿಗಳು ಮೂವತ್ತು, ಅಂಕಿಗಳು ಇಪ್ಪತ್ತೊಂಬತ್ತೂವರೆ. ಆದ್ದರಿಂದ ಇಲ್ಲಿ ಹುಣ್ಣಿಮೆ ಬೀಳುವುದು ಹದಿನೈದಕ್ಕಲ್ಲ, ಅದಕ್ಕೆ ಕಾಲು ದಿನ ಮೊದಲು.

ಈ ಮೂಢನಂಬಿಕೆಯ ಮೇಲೆ ನನಗೆ ಇಷ್ಟು ಸಿಟ್ಟೇಕೆಂದರೆ, ಅದರಿಂದ ಒಳ್ಳೆಯ ಗಡಿಯಾರಗಳು ಹಾಳಾಗುತ್ತಿವೆ. ಅಂಚಿನ ಹಲ್ಲುಗಳನ್ನು ‘ಸರಿಪಡಿಸಲು’ ಅರದಿಂದ ಉಜ್ಜಿದ ತಟ್ಟೆಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಉಜ್ಜಿದ ಕಡೆ ಹಿತ್ತಾಳೆ ಹೊಸದರಂತೆ ಹೊಳೆಯುತ್ತಿತ್ತು, ಉಳಿದ ಅಂಚಿನಲ್ಲಿ ಕಾಲ ಕಟ್ಟಿದ ಕಂದು ಬಣ್ಣ ಹಾಗೆಯೇ ಇತ್ತು. ಆ ಜಾಗಕ್ಕೆ ಬಂದಾಗಲೆಲ್ಲ ಸ್ಪ್ರಿಂಗ್ ಹಿಡಿತ ತಪ್ಪುತ್ತಿತ್ತು. ಅಲ್ಲಿಯವರೆಗೆ ಇಲ್ಲದಿದ್ದ ರೋಗವನ್ನು ಅರ ತಂದಿಟ್ಟಿತ್ತು. ತಟ್ಟೆಯನ್ನು ಬಿಚ್ಚುವಾಗ ಬಣ್ಣ ಎದ್ದು ಚಂದ್ರನ ಕೆನ್ನೆ ಚಕ್ಕೆಚಕ್ಕೆಯಾಗಿ ಉದುರುವುದೂ ಉಂಟು. ಅದನ್ನು ಮತ್ತೆ ಬರೆಯಬಲ್ಲವರು ಎಲ್ಲಿ ಸಿಗುತ್ತಾರೆ?

ಚಂದ್ರನನ್ನು ಸರಿಮಾಡುವುದಕ್ಕೆ ಅರವೂ ಬೇಡ, ಸ್ಕ್ರೂಡ್ರೈವರೂ ಬೇಡ. ಹುಣ್ಣಿಮೆಯ ದಿನ ಮುಖದ ಗಾಜಿನ ಬಾಗಿಲು ತೆರೆಯಿರಿ. ಒಣಗಿದ, ಶುಭ್ರವಾದ ಬೆರಳಿನಿಂದ ಅಥವಾ ಬಟ್ಟೆ ಸುತ್ತಿದ ಪೆನ್ಸಿಲ್ಲಿನಿಂದ ತಟ್ಟೆಯನ್ನು ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿ. ಒಂದೊಂದು ಹಲ್ಲಿಗೂ ಟಿಕ್ಕೆಂಬ ಸದ್ದು ಕೇಳುತ್ತದೆ. ಸರಿಯದಿದ್ದರೆ ಬಲ ಹಾಕಬೇಡಿ. ಆ ಹೊತ್ತಿನಲ್ಲಿ ಸನ್ನೆ ಹಲ್ಲಿಗೆ ಕಚ್ಚಿಕೊಂಡಿರುತ್ತದೆ, ಕೆಲವು ಗಂಟೆ ಕಳೆದ ಮೇಲೆ ನೋಡಿ. ನಿಮ್ಮ ಚಂದ್ರ ಒಂದು ದಿನ ಮುಂದಿದ್ದಾನೆ. ಹಾಗೆಂದು ಅವನನ್ನು ಹಿಂದಕ್ಕೆ ತಿರುಗಿಸಲು ಹೋಗಬೇಡಿ, ಹಲವು ತಟ್ಟೆಗಳ ಹಲ್ಲು ಒಂದೇ ದಿಕ್ಕಿಗೆ ಬಾಗಿರುತ್ತದೆ. ಮುಂದಕ್ಕೇ 57 ಹಲ್ಲು ಎಣಿಸಿ. 59 ಹಲ್ಲು ಸರಿಸಿದರೆ ಎರಡನೆಯ ಚಂದ್ರ ಮೊದಲನೆಯವನ ಜಾಗಕ್ಕೇ ಬರುತ್ತಾನೆ. ಎರಡು ಕಡಿಮೆ ಮಾಡಿದರೆ ಒಂದು ದಿನ ಹಿಂದೆ ನಿಲ್ಲುತ್ತಾನೆ. ಈ ಉಪಾಯ ಹೇಳಿಕೊಡುವಾಗ ನನಗೆ ಪ್ರತಿಸಲವೂ ಖುಷಿಯಾಗುತ್ತದೆ. ನೆನಪಿಟ್ಟುಕೊಳ್ಳುವುದಕ್ಕೆ ನಮ್ಮಲ್ಲಿ ಒಂದು ಅನುಕೂಲವೂ ಇದೆ. ಅಧಿಕಮಾಸ ಬರುವುದೂ ಸುಮಾರು ಎರಡು ವರ್ಷ ಎಂಟು ತಿಂಗಳಿಗೊಮ್ಮೆ. ಎರಡಕ್ಕೂ ಸಂಬಂಧವಿಲ್ಲ, ಆದರೆ ಅಧಿಕಮಾಸ ಬಂದಾಗಲೆಲ್ಲ 57 ಹಲ್ಲು ಸರಿಸಿಟ್ಟರೆ ನಿಮ್ಮ ಗಡಿಯಾರಕ್ಕೆ ಧಾರಾಳವಾಗಿ ಸಾಕು.

ಗಡಿಯಾರದ ಚಂದ್ರನ ಆಕಾರದ ಬಗ್ಗೆ ಮಾತ್ರ ಯಾರೂ ದೂರುವುದಿಲ್ಲ. ನಿಜವಾದ ತಪ್ಪಿರುವುದು ಅಲ್ಲಿ. ಬಿದಿಗೆ, ತದಿಗೆಯಲ್ಲಿ ಉಬ್ಬಿನ ಹಿಂದಿನಿಂದ ಇಣುಕುವ ಚಂದ್ರ ಚೆಂದವಾಗಿ ಕೊಕ್ಕೆಯಾಗಿರುತ್ತಾನೆ. ಆದರೆ ಅಷ್ಟಮಿ ದಾಟಿದ ಮೇಲೆ ಆಕಾಶದ ಚಂದ್ರ ಎರಡೂ ಕಡೆ ಉಬ್ಬಿಕೊಳ್ಳುತ್ತಾನೆ, ಗಡಿಯಾರದವನು ಒಂದು ಕಡೆ ಕಚ್ಚಿದ ಹೋಳಿಗೆಯಂತೆ ಉಳಿಯುತ್ತಾನೆ. ಉಬ್ಬಿನ ಗೆರೆ ಒಂದೇ ಕಡೆಗೆ ಬಾಗಿರುವುದರಿಂದ ಬೇರೆ ದಾರಿಯಿಲ್ಲ. ಇನ್ನೊಂದು ಮಾತು. ಇದು ಇಂಗ್ಲೆಂಡಿನ ಆಕಾಶ ನೋಡಿ ಮಾಡಿದ ಚಂದ್ರ. ಅಲ್ಲಿ ಎಳೆಯ ಚಂದ್ರ ಒಂದು ಪಕ್ಕಕ್ಕೆ ಎದ್ದು ನಿಂತಂತೆ ಕಾಣುತ್ತಾನೆ. ನಾವು ಭೂಮಧ್ಯರೇಖೆಗೆ ಹತ್ತಿರವಿರುವವರು. ಯುಗಾದಿಯ ಮರುದಿನ ಸಂಜೆ ಚಂದ್ರದರ್ಶನಕ್ಕೆ ಮಾಳಿಗೆ ಹತ್ತಿದವರಿಗೆ ಗೊತ್ತು, ಅವನು ಕೋಡುಗಳನ್ನು ಮೇಲಕ್ಕೆ ಮಾಡಿ ಹೆಚ್ಚುಕಡಿಮೆ ಅಂಗಾತ ಮಲಗಿರುತ್ತಾನೆ.

ಇಷ್ಟು ಬರೆದ ಮೇಲೆ, ಯಾರೂ ಕೇಳದಿದ್ದರೂ, ಇನ್ನೊಂದು ವಿಷಯಕ್ಕೆ ಬರಲೇಬೇಕು. ಆ ಕುಶಲಕರ್ಮಿಗಳಿಗೆ ಇನ್ನೂ ಕರಾರುವಾಕ್ಕಾದ ಚಂದ್ರನನ್ನು ಮಾಡಲು ಬರುತ್ತಿರಲಿಲ್ಲವೇ? ಖಂಡಿತ ಬರುತ್ತಿತ್ತು. ಇಂದು ಕೆಲವು ಕೈಗಡಿಯಾರಗಳಲ್ಲಿ 135 ಹಲ್ಲಿನ ಚಕ್ರ ಹಾಕಿ 122 ವರ್ಷಕ್ಕೆ ಒಂದೇ ದಿನ ತಪ್ಪುವಂತೆ ಮಾಡುತ್ತಾರೆ. ಅಂಥ ಲೆಕ್ಕಾಚಾರ ಹದಿನೆಂಟನೆಯ ಶತಮಾನದವರಿಗೆ ಕಷ್ಟದ್ದೇನಾಗಿರಲಿಲ್ಲ. ಅವರಿಗೆ ಅದು ಬೇಕಿರಲಿಲ್ಲ. ಬೀದಿದೀಪಗಳಿಲ್ಲದ ಊರುಗಳಲ್ಲಿ ಜನರಿಗೆ ಬೇಕಾಗಿದ್ದುದು ರಾತ್ರಿ ಕುದುರೆ ಹತ್ತಿ ಮನೆಗೆ ಮರಳಲು ಬೆಳಕಿರುತ್ತದೆಯೇ ಎಂಬುದು. ಜೇಮ್ಸ್ ವಾಟ್, ಮ್ಯಾಥ್ಯೂ ಬೋಲ್ಟನ್, ಎರಾಸ್ಮಸ್ ಡಾರ್ವಿನ್, ಜೋಸೆಫ್ ಪ್ರೀಸ್ಟ್ಲಿ ಮುಂತಾದವರು ಸೇರುತ್ತಿದ್ದ ಬರ್ಮಿಂಗ್‌ಹ್ಯಾಮಿನ ಲೂನಾರ್ ಸೊಸೈಟಿ ಎಂಬ ವಿಜ್ಞಾನಾಸಕ್ತರ ಕೂಟ ಹುಣ್ಣಿಮೆಗೆ ಹತ್ತಿರದ ದಿನವನ್ನೇ ಸಭೆಗೆ ಆರಿಸಿಕೊಂಡಿದ್ದು ಇದಕ್ಕಾಗಿಯೇ. ಅದೇ ಬರ್ಮಿಂಗ್‌ಹ್ಯಾಮಿನಲ್ಲಿ 1772ರಿಂದ ಬಿಳಿ ಬಣ್ಣ ಬಳಿದ ಮುಖಫಲಕಗಳು ತಯಾರಾಗತೊಡಗಿದವು. ಆಮೇಲೆ ಚಿತ್ರ ಬರೆದ ಚಂದ್ರ ಎಷ್ಟೋ ಸಾಧಾರಣ ಮನೆಗಳಿಗೂ ಬಂದ. ಬೆಳದಿಂಗಳಿಗೆ ಒಂದು ದಿನ ಹಿಂದೆ ಮುಂದೆ ಆದರೆ ಕುದುರೆಗೇನೂ ಬಾಧಕವಿಲ್ಲ.

ಬಂದರು ಊರುಗಳಲ್ಲಿ ಇದೇ ತಟ್ಟೆಗೆ ಇನ್ನೊಂದು ಕೆಲಸವಿತ್ತು. ಬ್ರಿಸ್ಟಲ್‌ನಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ 12 ಮೀಟರಿಗೂ ಹೆಚ್ಚಾಗುವುದುಂಟು. 1809ರಲ್ಲಿ ನೀರನ್ನು ತಡೆದಿಡುವ ಬಂದರು ಸಿದ್ಧವಾಗುವವರೆಗೆ ಇಳಿತದ ಹೊತ್ತಿನಲ್ಲಿ ಹಡಗುಗಳು ಕೆಸರಿನ ಮೇಲೆ ಕುಳಿತುಬಿಡುತ್ತಿದ್ದವು. ಉಬ್ಬರ ಯಾವಾಗ ಎಂದು ತಿಳಿಯದೆ ಅಲ್ಲಿ ವ್ಯಾಪಾರವೇ ನಡೆಯುವಂತಿರಲಿಲ್ಲ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 49 ನಿಮಿಷದಂತೆ ಮುಂದೆ ಹೋಗುತ್ತ 29½ ದಿನಕ್ಕೆ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಚಂದ್ರನ ತಟ್ಟೆಯ ಲೆಕ್ಕವೂ ಅದೇ. ಹಾಗಾಗಿ ಅಲ್ಲಿನ ಗಡಿಯಾರದವರು ಚಂದ್ರನ ದಿನಗಳ ಅಂಕಿಗಳ ಮೇಲೆ ರೋಮನ್ ಅಂಕಿಗಳ ಇನ್ನೊಂದು ಸಾಲು ಕೆತ್ತಿ ‘ಬ್ರಿಸ್ಟಲ್ ಬಂದರಿನಲ್ಲಿ ಉಬ್ಬರ’ ಎಂಬರ್ಥದ ಬರಹ ಹಾಕುತ್ತಿದ್ದರು. ಒಂದು ಹಲ್ಲನ್ನೂ ಹೆಚ್ಚಿಗೆ ಸೇರಿಸದೆ ಹೊಸ ಉಪಯೋಗ! ಇದಕ್ಕೂ ಹಿಂದೆ, 1540ರಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಮಾಡಿದ ಗಡಿಯಾರವೂ ಲಂಡನ್ ಸೇತುವೆಯ ಬಳಿಯ ಉಬ್ಬರದ ಹೊತ್ತನ್ನು ತೋರಿಸುತ್ತಿತ್ತು. ನಿಮ್ಮ ಗಡಿಯಾರದ ಕಮಾನಿನಲ್ಲಿ ಎರಡು ಸಾಲು ಅಂಕಿಗಳಿದ್ದರೆ ಗಮನವಿಟ್ಟು ನೋಡಿ, ಅದು ಬಂದರಿನ ಮನೆಯೊಂದರಿಂದ ಬಂದಿರಬಹುದು. ಆದರೆ ಆ ಅಂಕಿಗಳನ್ನು ನಂಬಿಕೊಂಡು ಮಲ್ಪೆಯಲ್ಲಿ ದೋಣಿ ಇಳಿಸಲಾಗದು. ಚಂದ್ರ ನೆತ್ತಿಗೆ ಬಂದ ಎಷ್ಟು ಹೊತ್ತಿಗೆ ನೀರು ಏರುತ್ತದೆ ಎಂಬುದು ಆಯಾ ಕರಾವಳಿಯ ಆಕಾರ ಮತ್ತು ಆಳವನ್ನು ಹೊಂದಿಕೊಂಡಿದೆ, ಅದು ಬಂದರಿನಿಂದ ಬಂದರಿಗೆ ಬೇರೆ.