ತೂಕ ಸರಿಯಿದ್ದರೂ ಪ್ರಿಂಟ್ ಮಾಡಿದ ಜಾಲರಿ ಬೇಗ ಕುಸಿಯುವುದೇಕೆ?

ಪ್ರಶ್ನೆ: ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಕೊನೆಯ ವರ್ಷ ಓದುತ್ತಿದ್ದೇನೆ. ಡ್ರೋನ್ ಭಾಗಗಳನ್ನು ಹಗುರ ಮಾಡುವ ಪ್ರಾಜೆಕ್ಟಿಗಾಗಿ ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಆಕ್ಟೆಟ್ (ಓರೆ, ಅಡ್ಡ ಕಡ್ಡಿಗಳನ್ನು ತ್ರಿಕೋನ ತ್ರಿಕೋನವಾಗಿ ಹೆಣೆದ) ಜಾಲರಿಯ 60 ಮಿ.ಮೀ. ಘನಗಳನ್ನು 3ಡಿ ಪ್ರಿಂಟ್ ಮಾಡಿಸಿದೆವು. ಒಂದೊಂದು ಕೋಶ 20 ಮಿ.ಮೀ., ಕಡ್ಡಿಯ ದಪ್ಪ 1.5 ಮಿ.ಮೀ. ತೂಕ ಕ್ಯಾಡ್ (ಕಂಪ್ಯೂಟರ್ ವಿನ್ಯಾಸದ) ಲೆಕ್ಕಕ್ಕೆ ಸರಿಯಾಗಿಯೇ ಬಂತು. ಆದರೆ ಯುಟಿಎಂನಲ್ಲಿ (ಬಲ ಪರೀಕ್ಷಿಸುವ ಯಂತ್ರದಲ್ಲಿ) ಒತ್ತಿದಾಗ ಸಿಮ್ಯುಲೇಶನ್ ಹೇಳಿದ ಲೋಡಿನ ಅರ್ಧಕ್ಕೇ ಓರೆಯಾಗಿ ಕುಸಿಯಿತು. ಒಳಗೆ ಗುಳ್ಳೆ ಇದ್ದಿರಬಹುದಾ ಸರ್? ಇನ್‌ಫಿಲ್ (ಒಳಗಿನ ತುಂಬುವಿಕೆ) ಶೇ. 100 ಕೊಟ್ಟರೆ ಸರಿಹೋಗುತ್ತಾ?

ಉತ್ತರ: ಪ್ರಾಜೆಕ್ಟ್ ರಿಪೋರ್ಟ್ ಕೊಡುವ ದಿನ ಹತ್ತಿರವಾದಂತೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಎಲ್ಲರ ಅನುಮಾನ ಮೊದಲು ಹೋಗುವುದು ಗುಳ್ಳೆಯ ಮೇಲೆ. ನನ್ನ ಅನುಮಾನ ನಿಮ್ಮ ತಕ್ಕಡಿಯ ಮೇಲೆ.

ತಕ್ಕಡಿ ಒಟ್ಟು ಎಷ್ಟು ಪ್ಲಾಸ್ಟಿಕ್ ಇದೆ ಎಂದಷ್ಟೇ ಹೇಳುತ್ತದೆ, ಅದು ಎಲ್ಲೆಲ್ಲಿ ಕೂತಿದೆ ಎಂಬುದನ್ನು ಹೇಳುವುದಿಲ್ಲ. ಗಂಟುಗಳಲ್ಲಿ ಪ್ಲಾಸ್ಟಿಕ್ ಗುಡ್ಡೆ ಕಟ್ಟಿ, ಅಡ್ಡ ಕಡ್ಡಿಗಳು ಜೋತುಬಿದ್ದು ದಪ್ಪವಾಗಿ, ಓರೆ ಕಡ್ಡಿಗಳ ನಡುಭಾಗ ಸಣಕಲಾಗಿದ್ದರೂ ಮೊತ್ತ ಸರಿಹೋಗಿಬಿಡುತ್ತದೆ. ಆಚೀಚೆ ಜೋತಾಡುವ ಎಳೆಗಳೂ ತೂಗುತ್ತವೆ, ಭಾರ ಮಾತ್ರ ಹೊರುವುದಿಲ್ಲ.

ವರ್ನಿಯರ್ ಹಿಡಿದು ಓರೆ ಕಡ್ಡಿಗಳ ನಡುಭಾಗ ಅಳೆದು ನೋಡಿ. 1.5ರ ಬದಲು 1.3 ಸಿಕ್ಕಿತು ಅಂದುಕೊಳ್ಳೋಣ. ಕಣ್ಣಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ. ಆದರೆ ನೇರ ಒತ್ತಡವನ್ನು ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ, ಅಲ್ಲಿಗೆ ಶೇ. 25 ಹೋಯಿತು. ಬಾಗುವಿಕೆಯನ್ನು ತಡೆಯುವ ಶಕ್ತಿ ದಪ್ಪದ ಮೂರನೇ ಘಾತಕ್ಕೆ ತಕ್ಕಂತೆ, ಅಲ್ಲಿ ಶೇ. 35. ತೆಳ್ಳಗಿನ ಕಡ್ಡಿ ಬಳುಕಿ ಸೋಲುವ ಬಕ್ಲಿಂಗ್ ಲೋಡು ನಾಲ್ಕನೇ ಘಾತಕ್ಕೆ ತಕ್ಕಂತೆ, ಅದು ಶೇ. 44ರಷ್ಟು ಇಳಿಯುತ್ತದೆ. ನಿಮ್ಮ ಜಾಲರಿಯಲ್ಲಿ ಗಂಟಿನಿಂದ ಗಂಟಿಗೆ ಸುಮಾರು 14 ಮಿ.ಮೀ., ಅಂದರೆ ದಪ್ಪದ ಹತ್ತು ಪಟ್ಟಿನ ಆಸುಪಾಸು. ಬಕ್ಲಿಂಗನ್ನು ಪಕ್ಕಕ್ಕಿಡುವಷ್ಟು ಮೊಟಕು ಕಡ್ಡಿಯಲ್ಲ ಅದು.

ಈಗ ಗುಳ್ಳೆಯ ಲೆಕ್ಕ. ಅದೇ 1.3 ಮಿ.ಮೀ. ಕಡ್ಡಿಯ ನಡುವೆ 0.3 ಮಿ.ಮೀ. ಗುಳ್ಳೆ ಇದ್ದರೆ ಅಲ್ಲಿ ಕಡಿಮೆಯಾಗುವ ಅಡ್ಡಕೊಯ್ತ ಶೇ. 5ರಷ್ಟು ಮಾತ್ರ. ಒಮ್ಮೆ ಒತ್ತಿ ನೋಡುವ ಪರೀಕ್ಷೆಯಲ್ಲಿ ಇದು ಸಣ್ಣ ಕಳ್ಳ.

ದೊಡ್ಡ ಕಳ್ಳ ಡೊಂಕು. ದುಗ್ಗಮ್ಮನ ಜಾತ್ರೆಗೆ ಚಪ್ಪರ ಹಾಕುವವರು ಡೊಂಕು ಗಳವನ್ನು ಕಂಬಕ್ಕೆ ನಿಲ್ಲಿಸುವುದಿಲ್ಲ, ಮೇಲೆ ಅಡ್ಡಕ್ಕೆ ಹಾಸುತ್ತಾರೆ. ಕಡ್ಡಿಯ ನಡುಭಾಗ ನೇರ ಗೆರೆಯಿಂದ ಸರಿದಿದ್ದರೆ ಒತ್ತಡದ ಜೊತೆಗೆ ಬಾಗುವಿಕೆಯೂ ಸೇರಿಕೊಳ್ಳುತ್ತದೆ. ಗುಂಡಗಿನ ಕಡ್ಡಿಗೆ ಇದರ ಲೆಕ್ಕ ಸುಲಭ: ಸರಿದ ದೂರವನ್ನು ಎಂಟರಿಂದ ಗುಣಿಸಿ, ದಪ್ಪದಿಂದ ಭಾಗಿಸಿ. 0.2 ಮಿ.ಮೀ. ಸರಿದಿದ್ದರೆ ಬಾಗುವಿಕೆಯಿಂದ ಬರುವ ಒತ್ತಡ ನೇರ ಒತ್ತಡದ 1.2 ಪಟ್ಟು. ಅಂದರೆ ಒಂದು ಮಗ್ಗುಲಿನಲ್ಲಿ ಒತ್ತಡ ಎರಡು ಪಟ್ಟು ದಾಟಿತು, ಇನ್ನೊಂದು ಮಗ್ಗುಲು ಒತ್ತುವ ಬದಲು ಎಳೆಯಲಾರಂಭಿಸಿತು. ಗಂಟುಗಳು ತುದಿಯನ್ನು ಬಿಗಿಯಾಗಿ ಹಿಡಿದಿದ್ದರೆ ಇಷ್ಟು ಏರುವುದಿಲ್ಲ, ನಿಜ. ಆದರೆ ಪಿಎಲ್‌ಎ ಪದರಗಳ ಕೂಡು ಎಳೆತಕ್ಕೆ ಬಹಳ ಬಡವ. ಪದರಗಳು 45 ಡಿಗ್ರಿ ಕಡ್ಡಿಯನ್ನು ಓರೆಯಾಗಿ ಕತ್ತರಿಸಿಕೊಂಡೇ ಹೋಗಿರುತ್ತವೆ. ಮುರಿದ ಘನವನ್ನು ಎತ್ತಿಟ್ಟಿದ್ದರೆ ಲೆನ್ಸ್ ಕೆಳಗೆ ಹಿಡಿದು ನೋಡಿ. ಮುರಿದ ಜಾಗ ನುಣುಪಾಗಿ, ಪದರದ ಗೆರೆಯುದ್ದಕ್ಕೂ ಬಿಟ್ಟುಕೊಂಡಿದ್ದರೆ ಕಾರಣ ಅಲ್ಲೇ ಸಿಕ್ಕಂತೆ.

ಡೊಂಕು ಬರುವುದು ಹೀಗೆ. ಘನದ ಬಹುತೇಕ ಪದರಗಳು ನಾಝಲ್‌ಗೆ (ಕರಗಿದ ಪ್ಲಾಸ್ಟಿಕ್ ಸುರಿಯುವ ಮೂತಿಗೆ) ಬಿಡಿಬಿಡಿ ಚುಕ್ಕೆಗಳ ರಾಶಿ. ಚುಕ್ಕೆ ಚುಕ್ಕೆಗೂ ಫಿಲಮೆಂಟ್ (ಪ್ಲಾಸ್ಟಿಕ್ ಎಳೆ) ಹಿಂದೆಳೆದು, ಜಿಗಿದು, ಮತ್ತೆ ಶುರು ಮಾಡಬೇಕು. ಶುರುವಿನಲ್ಲಿ ಪ್ಲಾಸ್ಟಿಕ್ ಕಡಿಮೆ ಇಳಿಯುತ್ತದೆ. ಓರೆಯಾಗಿ ಚಾಚಿದ ಅಂಚು ಬಿಸಿಗೆ ಮೇಲಕ್ಕೆ ಸುರುಳುತ್ತದೆ, ಮರಳಿ ಬರುವ ನಾಝಲ್ ಅದಕ್ಕೆ ಗುದ್ದಿ ಬಡಕಲು ಕಡ್ಡಿಯನ್ನು ಅತ್ತಿತ್ತ ತಳ್ಳುತ್ತದೆ. ಪ್ರಿಂಟರ್ ಕೆಟ್ಟಿದೆ ಎನ್ನುವಂತಿಲ್ಲ, ಜಾಲರಿಯ ಕೆಲಸವೇ ಹಾಗೆ.

ಲೋಹದ ಪುಡಿಯನ್ನು ಲೇಸರ್‌ನಿಂದ ಕರಗಿಸುವ ಪ್ರಿಂಟಿನಲ್ಲಿ ಕಾರಣ ಬೇರೆ, ಫಲ ಇದೇ. ಕಡ್ಡಿಯ ಕೆಳಮಗ್ಗುಲಲ್ಲಿ ಸಡಿಲ ಪುಡಿ ಇರುತ್ತದೆ. ಅದು ಶಾಖವನ್ನು ಬೇಗ ಸಾಗಿಸುವುದಿಲ್ಲವಾದ್ದರಿಂದ ಬೇಡದ ಪುಡಿಯೂ ಕರಗಿ ಅಂಟಿಕೊಳ್ಳುತ್ತದೆ. ಅರೆ ಅಂಟಿದ ಆ ಕಣಗಳು ತೂಕಕ್ಕೆ ಸೇರುತ್ತವೆ, ಬಲಕ್ಕೆ ಸೇರುವುದಿಲ್ಲ. ನಿಮ್ಮ ಗುರಿ ಡ್ರೋನ್ ಆದ್ದರಿಂದ ಇನ್ನೊಂದು ಮಾತು: ಸತತವಾಗಿ ನಡುಗುವ ಭಾಗದಲ್ಲಿ ಗುಳ್ಳೆಗೂ ಒರಟು ಮೈಗೂ ಮರ್ಯಾದೆ ಕೊಡಲೇಬೇಕು. ದಣಿವಿನ ಬಿರುಕು ಹುಟ್ಟುವುದು ಅಂಥ ಕಡೆಯೇ. ಬಿಸಿಯಲ್ಲಿ ಸುತ್ತಲಿಂದ ಅನಿಲದ ಒತ್ತಡ ಕೊಟ್ಟು ಲೋಹದೊಳಗಿನ ಗುಳ್ಳೆ ಮುಚ್ಚಬಹುದು, ಮೈಯ ಒರಟು ಮಾತ್ರ ಹಾಗೇ ಉಳಿಯುತ್ತದೆ.

ಓರೆಯಾಗಿ ಕುಸಿದದ್ದರ ಬಗ್ಗೆ: ಒಂದೇ ದಿಕ್ಕಿಗೆ ಮುಖ ಮಾಡಿದ ಒಂದೇ ತರಹದ ಕೋಶಗಳ ಜಾಲರಿ ಹೀಗೆ ಓರೆಪಟ್ಟಿಯಾಗಿ ಕುಸಿಯುವುದು ಹೊಸದೇನಲ್ಲ. ಅತಿ ದುರ್ಬಲ ಕಡ್ಡಿ ಸೋತಾಗ ಅದರ ಹೊರೆ ಪಕ್ಕದವುಗಳ ಮೇಲೆ ಬೀಳುತ್ತದೆ, ಸಾಲು ಜಾರುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2019ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದ ಕೆಲಸ ಇದರ ಮೇಲೆಯೇ ಇದೆ. ಲೋಹದ ಹರಳುಗಳಂತೆ ಜಾಲರಿಯ ತುಂಡು ತುಂಡಿಗೆ ಬೇರೆ ದಿಕ್ಕು ಕೊಟ್ಟು ಅವರು ಆ ಜಾರುವಿಕೆಗೆ ಅಡ್ಡಗಟ್ಟಿದರು.

ಸಿಮ್ಯುಲೇಶನ್ ಸುಳ್ಳು ಹೇಳಿಲ್ಲ. ನೀವು ಕೊಟ್ಟ ನೆಟ್ಟಗಿನ, 1.5ರ ಕಡ್ಡಿಗೆ ಅದು ಉತ್ತರ ಹೇಳಿದೆ. ಅಳೆದ ದಪ್ಪಗಳನ್ನು ಮಾಡೆಲ್‌ಗೆ ಹಾಕಿ, ಆದರೆ ಸರಾಸರಿ ತೆಗೆದು ಎಲ್ಲ ಕಡ್ಡಿಗೂ ಒಂದೇ ಅಂಕಿ ಕೊಡಬೇಡಿ. ಅದೂ ತಕ್ಕಡಿಯ ಲೆಕ್ಕವೇ ಆಗುತ್ತದೆ. ಏರಿಳಿತವನ್ನು ಹಾಗೇ ಹಂಚಿ, ಡೊಂಕನ್ನೂ ಸೇರಿಸಿ. ಪಿಎಲ್‌ಎ ಬಲಕ್ಕೆ ಫಿಲಮೆಂಟ್ ಡಬ್ಬಿಯ ಅಂಕಿ ಬೇಡ. 45 ಡಿಗ್ರಿ ಓರೆಯಲ್ಲಿ ಬಿಡಿ ಕಡ್ಡಿಗಳನ್ನು ಪ್ರಿಂಟ್ ಮಾಡಿ ಎಳೆದು ನೋಡಿ.

ಇನ್‌ಫಿಲ್ 100 ಕೊಟ್ಟು ಏನೂ ಆಗದು. 0.4ರ ನಾಝಲ್, ಸುತ್ತ ಎರಡು ಗೋಡೆ ಅಂದರೆ ಎರಡೂ ಕಡೆ ಸೇರಿ ನಾಲ್ಕು ಗೆರೆ, 1.6 ಮಿ.ಮೀ. ನಿಮ್ಮ ಕಡ್ಡಿಯೇ 1.5. ಇನ್‌ಫಿಲ್ ಬರಲು ಜಾಗವೇ ಇಲ್ಲ. 20 ಕೊಟ್ಟರೂ 100 ಕೊಟ್ಟರೂ ಪ್ರಿಂಟರಿಗೆ ಹೋಗುವ ಆದೇಶಪಟ್ಟಿ, ಅಂದರೆ ಜಿ-ಕೋಡ್, ಹೆಚ್ಚುಕಡಿಮೆ ಅದೇ. ಕಡ್ಡಿಯನ್ನು 1.6ಕ್ಕೆ ಏರಿಸಿ, ವೇಗ ಇಳಿಸಿ, ಫಿಲಮೆಂಟನ್ನು ಒಣಗಿಸಿ ಹಾಕಿ.

ಇನ್ನೊಂದೆರಡು ಘನ ಉಳಿದಿದ್ದರೆ ಒಂದನ್ನು ಪ್ರಿಂಟಾದ ದಿಕ್ಕಿನಲ್ಲಿ ನಿಲ್ಲಿಸಿ ಒತ್ತಿ, ಇನ್ನೊಂದನ್ನು ಮಗ್ಗುಲಿಗೆ ಮಲಗಿಸಿ ಒತ್ತಿ. ದೋಷವಿಲ್ಲದ ಆಕ್ಟೆಟ್ ಘನಕ್ಕೆ ಮೂರು ಮಗ್ಗುಲೂ ಒಂದೇ. ಎರಡು ಲೋಡುಗಳು ಎದ್ದು ಕಾಣುವಷ್ಟು ಬೇರೆ ಬಂದರೆ ಆ ಎರಡು ಗ್ರಾಫನ್ನೂ ರಿಪೋರ್ಟಿನಲ್ಲಿ ಒಂದೇ ಪುಟಕ್ಕೆ ಹಾಕಿ. ವೈವಾದಲ್ಲಿ ಕೇಳುವವರಿಗೆ ಅದಕ್ಕಿಂತ ಹೆಚ್ಚು ವಿವರಿಸುವ ಅಗತ್ಯ ಬೀಳಲಾರದು.