ತಾಮ್ರದಲ್ಲಿ ಕರೆಂಟಿಗೂ ಶಾಖಕ್ಕೂ ಒಂದೇ ದಾರಿ

ತಾಮ್ರದ ಸರಳಿನ ಒಂದು ತುದಿಯನ್ನು ಉರಿಗೆ ಹಿಡಿದರೆ ಇನ್ನೊಂದು ತುದಿ ಬೇಗನೆ ಕೈ ಸುಡುತ್ತದೆ. ಅದೇ ಅಳತೆಯ ಸ್ಟೇನ್‌ಲೆಸ್ ಸ್ಟೀಲ್ ಸರಳನ್ನು ಬಹಳ ಹೊತ್ತು ಹಿಡಿದಿರಬಹುದು. ಕರೆಂಟು ಹರಿಸುವುದರಲ್ಲೂ ತಾಮ್ರವೇ ಮುಂದು. ಎರಡೂ ಗುಣ ಜೊತೆಯಾಗಿಯೇ ಬರುತ್ತವೆ ಎಂದು 1853ರಲ್ಲಿ ಅಳೆದು ತೋರಿಸಿದವರು ವಿಜ್ಞಾನಿಗಳಾದ ವೀಡೆಮನ್ ಮತ್ತು ಫ್ರಾಂಟ್ಸ್. ಈ ಎರಡು ವಾಹಕತೆಗಳ ಅನುಪಾತ ತಾಪಮಾನದ ಜೊತೆಗೇ ಏರುತ್ತದೆ ಎಂದು 1872ರಲ್ಲಿ ಲೊರೆನ್ಸ್ ಸೇರಿಸಿದರು.

ಲೆಕ್ಕ ಹಾಕಿಯೇ ನೋಡೋಣ. ತಾಮ್ರದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್, ರೋಧಶೀಲತೆ (ಕರೆಂಟಿನ ವಾಹಕತೆಯ ತಲೆಕೆಳಗು) 1.68 × 10⁻⁸ ಓಮ್-ಮೀಟರ್. ಇವೆರಡನ್ನು ಗುಣಿಸಿ 293 ಕೆಲ್ವಿನ್‌ನಿಂದ (20 ಡಿಗ್ರಿ ಸೆಲ್ಸಿಯಸ್) ಭಾಗಿಸಿದರೆ 2.3 × 10⁻⁸ ಸಿಗುತ್ತದೆ. ಕಬ್ಬಿಣದ ರೋಧ ತಾಮ್ರದ ಸುಮಾರು ಆರು ಪಟ್ಟು. ಆದರೂ ಅದರ ಉಷ್ಣವಾಹಕತೆ 80, ರೋಧಶೀಲತೆ 9.7 × 10⁻⁸ ಇಟ್ಟು ಲೆಕ್ಕ ಮಾಡಿದರೆ ಬರುವುದು 2.6 × 10⁻⁸. ಇಷ್ಟು ಬೇರೆ ಬೇರೆ ಲೋಹಗಳಲ್ಲಿ ಉತ್ತರ ಇಷ್ಟು ಹತ್ತಿರ ಬರಬೇಕಾದರೆ, ಎರಡನ್ನೂ ಹೊರುವ ಹೆಗಲು ಒಂದೇ ಇರಬೇಕು.

ಆ ಹೆಗಲು ಎಲೆಕ್ಟ್ರಾನಿನದು. ಥಾಮ್ಸನ್ 1897ರಲ್ಲಿ ಅದನ್ನು ಗುರುತಿಸಿದ ಮೂರೇ ವರ್ಷಕ್ಕೆ, ಲೋಹದೊಳಗೆ ಎಲೆಕ್ಟ್ರಾನ್‌ಗಳು ಅನಿಲದಂತೆ ಓಡಾಡುತ್ತವೆ ಎಂದು ಪೌಲ್ ಡ್ರೂಡೆ ಹೇಳಿದರು. ಅವರ ಲೆಕ್ಕ ಅಳತೆಗೆ ಹೊಂದಿತು, ಆದರೆ ತಪ್ಪುಗಳ ಬಲದಿಂದ. ಎಲೆಕ್ಟ್ರಾನ್‌ಗಳು ಹೀರುವ ಶಾಖವನ್ನು ಸುಮಾರು ನೂರು ಪಟ್ಟು ಹೆಚ್ಚಾಗಿಯೂ, ವೇಗದ ವರ್ಗವನ್ನು ಅಷ್ಟೇ ಕಡಿಮೆಯಾಗಿಯೂ ಹಿಡಿದಿದ್ದರಿಂದ ಎರಡೂ ಒಂದನ್ನೊಂದು ಅಳಿಸಿಹಾಕಿದ್ದವು. ಸೋಮರ್‌ಫೆಲ್ಡ್ 1927ರ ಸುಮಾರಿಗೆ ಕ್ವಾಂಟಂ ನಿಯಮ ಅನ್ವಯಿಸಿದಾಗ ಸರಿಯಾದ ಸಂಖ್ಯೆ ಸರಿಯಾದ ಕಾರಣದಿಂದಲೇ ಬಂತು: 2.44 × 10⁻⁸. ಮರುವರ್ಷ ಬ್ಲಾಖ್ ತೋರಿಸಿದ ಸಂಗತಿ ನನಗೆ ಇಡೀ ಕಥೆಯ ತಿರುಳು ಅನ್ನಿಸುತ್ತದೆ: ಪರಮಾಣುಗಳು ಸಾಲಾಗಿ, ಕ್ರಮವಾಗಿ ನಿಂತಿದ್ದರೆ ಎಲೆಕ್ಟ್ರಾನ್ ಅಲೆಗೆ ಅವು ಅಡ್ಡಿಯೇ ಅಲ್ಲ. ಸಾಲು ಕೆಟ್ಟಲ್ಲಿ ಮಾತ್ರ ಅದು ಚದುರುತ್ತದೆ.

ಸಾಲು ಕೆಡಲು ಎರಡು ಕಾರಣ. ಒಂದು, ಬಿಸಿಗೆ ಪರಮಾಣುಗಳ ನಡುಕ. ತಾಮ್ರದ ರೋಧ ಡಿಗ್ರಿಗೆ ಸುಮಾರು 0.39% ಏರುತ್ತದೆ, ಎಂದರೆ 20 ಡಿಗ್ರಿಯ ತಂತಿ 70ಕ್ಕೆ ಹೋದರೆ ಐದನೇ ಒಂದು ಭಾಗದಷ್ಟು. ಇನ್ನೊಂದು ಬೆರಕೆ. ಶೇಕಡಾ 30 ಸತು ಬೆರೆತ ಹಿತ್ತಾಳೆಯಲ್ಲಿ ಕರೆಂಟಿನ ವಾಹಕತೆ ತಾಮ್ರದ ಶೇಕಡಾ 28ಕ್ಕೆ ಕುಸಿಯುತ್ತದೆ, ಶಾಖದ್ದು 30ರ ಆಸುಪಾಸಿಗೆ. ರಂಜಕ ಇನ್ನೂ ಕೆಟ್ಟದ್ದು: 0.04% ಉಳಿದರೂ ಸುಮಾರು ಕಾಲು ಭಾಗ ಹೋಗುತ್ತದೆ. ನೀರಿನ ಕೊಳವೆಗೆ ಬಳಸುವ ತಾಮ್ರದಲ್ಲಿ ಬೆಸುಗೆ ಚೆನ್ನಾಗಿ ಬರಲೆಂದು ರಂಜಕ ಉಳಿಸಿರುತ್ತಾರೆ. ನೋಡಲು ಕೆಂಪಗೆ ಹೊಳೆಯುತ್ತದೆಂದು ಅದನ್ನೇ ಬಸ್‌ಬಾರ್ (ಹೆಚ್ಚು ಕರೆಂಟು ಸಾಗಿಸುವ ದಪ್ಪ ಪಟ್ಟಿ) ಮಾಡಿದರೆ, ಅದೇ ಕರೆಂಟಿಗೆ ಅದು ಹೆಚ್ಚು ಕಾಯುತ್ತದೆ, ಆ ಕಾವನ್ನು ಆಚೆ ಸಾಗಿಸುವುದರಲ್ಲೂ ಹಿಂದೆ ಬೀಳುತ್ತದೆ.

ಎಲೆಕ್ಟ್ರಾನ್‌ಗಳು ಓಡುವ ವೇಗ ಸೆಕೆಂಡಿಗೆ 1,600 ಕಿ.ಮೀ. ಹತ್ತಿರ. ಆದರೆ ಅದು ದಿಕ್ಕುಗೆಟ್ಟ ಓಟ. ಒಂದು ಚದರ ಮಿ.ಮೀ. ತಂತಿಯಲ್ಲಿ 10 ಆಂಪಿಯರ್ ಹರಿಯುವಾಗ ಅವು ಒಟ್ಟಾಗಿ ಮುಂದೆ ಸರಿಯುವುದು ಸೆಕೆಂಡಿಗೆ 0.7 ಮಿ.ಮೀ. ಮಾತ್ರ. ಸ್ವಿಚ್ ಒತ್ತಿದೊಡನೆ ದೀಪ ಹತ್ತುವುದು ತಂತಿಯುದ್ದಕ್ಕೂ ವಿದ್ಯುತ್ ಕ್ಷೇತ್ರ ಕ್ಷಣಾರ್ಧದಲ್ಲಿ ಹಬ್ಬುವುದರಿಂದ.

ಶಾಖಕ್ಕೆ ಎಲೆಕ್ಟ್ರಾನೇ ಬೇಕೆಂದೂ ಇಲ್ಲ. ವಜ್ರದಲ್ಲಿ ಕರೆಂಟು ಹರಿಯುವುದಿಲ್ಲ, ಆದರೆ ಶಾಖ ತಾಮ್ರಕ್ಕಿಂತ ಐದು ಪಟ್ಟು ಚೆನ್ನಾಗಿ ಸಾಗುತ್ತದೆ. ಗಟ್ಟಿಯಾಗಿ ಬೆಸೆದ ಹಗುರ ಇಂಗಾಲದ ಪರಮಾಣುಗಳ ಕಂಪನವೇ ಅದನ್ನು ಹೊತ್ತೊಯ್ಯುತ್ತದೆ. ಲೇಸರ್ ಚಿಪ್‌ನ ಅಡಿಗೆ ವಜ್ರದ ಬಿಲ್ಲೆ ಇಡುವುದು ಇದಕ್ಕಾಗಿಯೇ: ಶಾಖ ಹೊರಗೆ ಹೋಗಬೇಕು, ಕರೆಂಟು ಹೋಗಬಾರದು.